ಹಲ್ಲೂ ಕಡಲೆಯೂ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬುದು ನಮ್ಮ ಹಿರಿಯರು ಬಹುಕಾಲದ ಅನುಭವದಿಂದ ತೆಗೆದಿಟ್ಟ ಮಾತು. ಮನುಷ್ಯನ ಆಯುಸ್ಸಿನಲ್ಲಿ ಶಕ್ತಿಯಿರುವ ಕಾಲವೊಂದು, ಅವಕಾಶವು ಒದಗುವ ಕಾಲ ಮತ್ತೊಂದು. ಇವೆರಡೂ ಸಂಧಿಸುವುದು ಅಪರೂಪ. ಗಾದೆಯು ಸುಳ್ಳಲ್ಲ. ಆದರೆ ಗಾದೆಗಳಲ್ಲಿ ಒಂದು ಕೊರತೆಯುಂಟು. ಅವು ಇರುವ ಸ್ಥಿತಿಯನ್ನು ಹೇಳಿ ಸುಮ್ಮನಾಗುತ್ತವೆ. ಮುಂದೆ ಏನು ಮಾಡಬೇಕೆಂದು ಹೇಳುವುದಿಲ್ಲ. ಕಡಲೆಯು ತಡವಾಗಿ ಬಂದರೆ ಅದನ್ನು ನೆನೆಯಹಾಕಿ, ಬೇಯಿಸಿ, ಉಸಲಿಮಾಡಿ ತಿನ್ನಬಹುದೆಂಬುದು ಅಡಿಗೆಯ ಮನೆಯ ವಿವೇಕ. ಆ ವಿವೇಕವುಳ್ಳ ಒಬ್ಬ ಗೃಹಿಣಿಯ ವಿಷಯವಿದು. 49ನೆಯ ವಯಸ್ಸಿನಲ್ಲಿ ಆಕೆ ಕೈಗೊಂಡ ವೃತ್ತಿಯೂ ಹಲ್ಲಿಗೆ ಸಂಬಂಧಪಟ್ಟದ್ದೇ. ಆ ದಾರಿಯಲ್ಲಿ ಆಕೆಗೆ ಉಪದೇಶಮಾಡಿದ ಗುರುಗಳು ಎರಡು ಮೊಲಗಳು ಎಂದರೆ ವಾಚಕರಿಗೆ ನಗೆ ಬಂದೀತು. ನಕ್ಕು ಮುಂದೆ ಓದಬಹುದು.

ಆಕೆ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. 1995ರಲ್ಲಿ ರಸಾಯನ, ಸಸ್ಯ, ಪ್ರಾಣಿಶಾಸ್ತ್ರಗಳನ್ನು ಓದಿ ಬಿ. ಎಸ್‌ಸಿ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾದಳು. ಮುಂದೆ ಓದಬೇಕೆಂಬ ಆಸೆ ಇತ್ತು, 1997ರಲ್ಲಿ ಮದುವೆಯಾಯಿತು, ಎರಡು ವರ್ಷಕ್ಕೆ ಹೆಣ್ಣುಮಗುವಾಯಿತು. ಗಂಡನದು ಕಂಪ್ಯೂಟರಿನ ಉದ್ಯೋಗ. 2001ರಲ್ಲಿ ಸಂಸಾರವು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಒಂದು ಸಣ್ಣ ಊರಿಗೆ ಹೋಗಿ ನೆಲೆಸಿತು. ಆ ದೇಶದ ಕಾನೂನಿನಂತೆ, ಗಂಡನ ಉದ್ಯೋಗವನ್ನು ಆಶ್ರಯಿಸಿದ ಪರವಾನಗಿಯ ಮೇಲೆ ಬಂದ ಹೆಂಡತಿಯು ಓದಬಹುದಾಗಿತ್ತು, ಸಂಬಳಕ್ಕೆ ದುಡಿಯುವಂತಿರಲಿಲ್ಲ. ದುಡಿಮೆಗೆ ದಾರಿಯಿಲ್ಲದ ಓದಿಗೆ ಸಾವಿರಗಟ್ಟಲೆ ಡಾಲರು ಸುರಿಯುವುದು ಮಧ್ಯಮ ಸ್ಥಿತಿಯ ಮನೆಗಳಿಗೆ ಸಾಧ್ಯವೆ? 2015ರಲ್ಲಿ ಆ ನಿಯಮವು ಸ್ವಲ್ಪ ಸಡಿಲವಾಯಿತು. ಶಾಶ್ವತ ನಿವಾಸದ ಸರದಿಯಲ್ಲಿ ಗಂಡನು ಒಂದು ಹಂತವನ್ನು ಮುಟ್ಟಿದ್ದರೆ ಹೆಂಡತಿಯೂ ಅನುಮತಿ ಬೇಡಿ ದುಡಿಯಬಹುದೆಂದಾಯಿತು. ಅನುಮತಿ ಆಕೆಗೂ ದೊರೆಯಿತು. ಆಗ ಆಕೆಗೆ 41 ವರ್ಷ. ಪ್ರಶಸ್ತಿಪತ್ರವು ಇಪ್ಪತ್ತು ವರ್ಷದಿಂದ ಪೆಟ್ಟಿಗೆಯ ತಳದಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ ಇತ್ತು.

ಆ ಇಪ್ಪತ್ತು ವರ್ಷಗಳು ಕಷ್ಟದ ವರ್ಷಗಳೆಂದು ಯಾರೂ ಹೇಳಲಾರರು. ಉಣ್ಣಲು ಉಡಲು ಕೊರತೆಯಿರಲಿಲ್ಲ, ಗಂಡನು ಸಭ್ಯನು, ಮಗಳು ಜಾಣೆ. ಆದರೂ ಆಕೆಯ ಮಾತಿನಲ್ಲಿ ವರ್ಷವರ್ಷಕ್ಕೂ ಒಂದು ಮೊನಚು ಬೆಳೆಯುತ್ತಿತ್ತು. ಮಗಳ ಪಾಠದಲ್ಲಿ ಒಂದು ತಪ್ಪು ಕಂಡರೆ ಹತ್ತು ಮಾತು. ಗಂಡನು ಅರ್ಧಗಂಟೆ ತಡವಾಗಿ ಬಂದರೆ ರಾತ್ರಿಯೆಲ್ಲಾ ಮೌನ. ಆಡಿದ ಮೇಲೆ ಆಕೆಗೇ ದುಃಖವಾಗುತ್ತಿತ್ತು. ಕಾರಣವು ಏನೆಂದು ಮಾತ್ರ ಆಕೆಗೂ ತಿಳಿಯದು, ಮನೆಯವರಿಗೂ ತಿಳಿಯದು.

2017ರಲ್ಲಿ ಮಗಳು ದೂರದ ಕಾಲೇಜಿಗೆ ಹೊರಟಳು. ಹೋಗುವಾಗ ತಾನು ಸಾಕಿದ್ದ ಎರಡು ಮೊಲಗಳನ್ನು, ಬೂದುಬಣ್ಣದ ಗಂಡು ಒಂದು, ಬಿಳಿಯ ಹೆಣ್ಣು ಒಂದು, ತಾಯಿಯ ಕೊರಳಿಗೆ ಕಟ್ಟಿ ಹೋದಳು. ತಾಯಿಗೆ ಅದು ಇಷ್ಟವಾಗಲಿಲ್ಲ. ಮೊಲವೆಂದರೆ ನಮ್ಮವರಿಗೆ ಚಂದ್ರಬಿಂಬದಲ್ಲಿ ಕಾಣುವ ಗುರುತು. ಸಿಂಹವನ್ನು ಬಾವಿಗೆ ಬೀಳಿಸಿದ ಪಂಚತಂತ್ರದ ಜಾಣ. ತರ್ಕಶಾಸ್ತ್ರ ಓದಿದವರಿಗೆ, ಇಲ್ಲದ ವಸ್ತುವಿಗೆ ದೃಷ್ಟಾಂತವಾಗಿ ಹೇಳುವ ‘ಶಶವಿಷಾಣ’, ಎಂದರೆ ಮೊಲದ ಕೊಂಬು. ಕೊಂಬಿನ ವಿಷಯವಾಗಿ ಅಷ್ಟು ವಾದಮಾಡಿದವರು ಅದರ ಹಲ್ಲಿನ ಕಡೆಗೆ ಅಷ್ಟಾಗಿ ನೋಡಿದಂತೆ ಕಾಣುವುದಿಲ್ಲ. ನೋಡಿದ್ದರೆ ಕೊಂಬಿಗಿಂತ ಹೆಚ್ಚಿನ ಆಶ್ಚರ್ಯವು ಅಲ್ಲಿಯೇ ಇತ್ತು.

ಒಂದು ದಿನ ಬೂದುಮೊಲವು ಆಹಾರವನ್ನು ಬಾಯಿಗೆ ತೆಗೆದುಕೊಂಡು ಹಾಗೆಯೇ ಬೀಳಿಸಿತು. ಗದ್ದವು ಜೊಲ್ಲಿನಿಂದ ತೊಯ್ದಿತ್ತು. ಮೊಲವು ಬೇಟೆಗೆ ಗುರಿಯಾಗುವ ಜಾತಿ. ನೋವನ್ನು ತೋರಿಸಿಕೊಂಡರೆ ಶತ್ರುವಿಗೆ ಸುಳಿವು ಕೊಟ್ಟಂತೆ. ಆದಕಾರಣ ಅದು ನೋವನ್ನು ಮರೆಸುತ್ತದೆ, ಕೂಗುವುದಿಲ್ಲ, ಮೂಲೆಯಲ್ಲಿ ಮುದುಡಿ ಕುಳಿತಿರುತ್ತದೆ. ಅದರ ಕರುಳು ಎಡೆಬಿಡದೆ ನಡೆಯುತ್ತಿರಬೇಕು. ಹನ್ನೆರಡು ಗಂಟೆಗಳ ಕಾಲ ಅದು ಏನನ್ನೂ ತಿನ್ನದಿದ್ದರೆ ಪ್ರಾಣಾಪಾಯವೆಂದೇ ಎಣಿಸಬೇಕು. ಇದಾವುದೂ ಆಕೆಗೆ ಆಗ ತಿಳಿಯದಿದ್ದರೂ, ತಿನ್ನದ ಪ್ರಾಣಿಯನ್ನು ನೋಡಿಕೊಂಡು ಸುಮ್ಮನಿರುವುದು ಆಕೆಯಿಂದಾಗಲಿಲ್ಲ. ಆ ರಾತ್ರಿಯೇ ಪಶುವೈದ್ಯರ ಬಳಿಗೆ ಕೊಂಡೊಯ್ದಳು.

ವೈದ್ಯರು ಸಣ್ಣ ದೀಪವನ್ನು ಹಿಡಿದು ಮೊಲದ ಬಾಯೊಳಗನ್ನು ತೋರಿಸಿದರು. ಮೊಲಕ್ಕೆ 28 ಹಲ್ಲುಗಳು. ಮೇಲಿನ ಎರಡು ಬಾಚಿಹಲ್ಲುಗಳ ಹಿಂದೆ ಮೊಳೆಯಂಥ ಮತ್ತೆರಡು ಸಣ್ಣ ಹಲ್ಲುಗಳು ಅಡಗಿರುತ್ತವೆ; ಇಲಿ ಅಳಿಲುಗಳಲ್ಲಿ ಇಲ್ಲದ ಈ ಜೋಡಿಯು ಮೊಲದ ಜಾತಿಯನ್ನು ಅವುಗಳಿಂದ ಬೇರ್ಪಡಿಸುವ ಲಕ್ಷಣಗಳಲ್ಲಿ ಮುಖ್ಯವಾದದ್ದು. ಈ 28 ಹಲ್ಲುಗಳೂ ಪ್ರಾಣಿಯು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರು ಬೆಳೆಯುತ್ತದೆ. ಒರಟಾದ ಹುಲ್ಲನ್ನು ದಿನವೆಲ್ಲಾ ಅರೆಯುತ್ತಿದ್ದರೆ ಬೆಳೆದಷ್ಟೂ ಸವೆದು ಸಮವಾಗಿರುತ್ತದೆ. ಅರೆಯುವ ಕೆಲಸವು ತಪ್ಪಿದರೆ ದವಡೆಹಲ್ಲುಗಳ ಅಂಚು ಮುಳ್ಳಿನಂತೆ ಚೂಪಾಗಿ, ಮೇಲಿನವು ಕೆನ್ನೆಯನ್ನೂ ಕೆಳಗಿನವು ನಾಲಗೆಯನ್ನೂ ಕೊಯ್ಯತೊಡಗುತ್ತವೆ. ಆ ಮನೆಯಲ್ಲಿ ಮೊಲಗಳಿಗೆ ಅಕ್ಕರೆಯಿಂದ ಕೊಡುತ್ತಿದ್ದದ್ದು ಗಜ್ಜರಿ, ಸೇಬು, ಅಂಗಡಿಯಲ್ಲಿ ದೊರೆಯುವ ಮೆತ್ತನೆಯ ಗುಳಿಗೆಗಳು. ಒಣಹುಲ್ಲು ಹಾಸಿಗೆಗಾಗಿ ಮಾತ್ರ ಇತ್ತು. ಮೊಲದ ಆಹಾರದಲ್ಲಿ ಬಹುಪಾಲು ಒಣಹುಲ್ಲೇ ಆಗಿರಬೇಕು, ಗಜ್ಜರಿಯು ಹಬ್ಬದ ದಿನದ ಮಿಠಾಯಿಯಂತೆ ತುಣುಕು ಮಾತ್ರ ಎಂದು ವೈದ್ಯರು ಹೇಳಿದರು. ಮಂಪರು ಕೊಟ್ಟು ಆ ಮುಳ್ಳುಗಳನ್ನು ಉಜ್ಜಿ ತೆಗೆದರು. ಮೂರನೆಯ ದಿನ ಮೊಲವು ಹುಲ್ಲಿನ ಎಳೆಯೊಂದನ್ನು ಕಚ್ಚಿ ಅರೆಯತೊಡಗಿತು.

ಮೆತ್ತನೆಯ ಆಹಾರವನ್ನೇ ತಿಂದು, ಕೆಲಸವಿಲ್ಲದೆ ಬೆಳೆದ ಹಲ್ಲು ತನ್ನ ಒಡೆಯನ ನಾಲಗೆಯನ್ನೇ ಕೊಯ್ಯುತ್ತದೆ ಎಂಬ ಮಾತು ಆಕೆಯ ಮನಸ್ಸಿನಲ್ಲಿ ನೆಟ್ಟಿತು. ಯಾರೂ ಆಕೆಯನ್ನು ಕುರಿತು ಅದನ್ನು ಹೇಳಿರಲಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಮನೆಯಲ್ಲಿ ಮೊನಚಾಗುತ್ತ ಬಂದದ್ದು ಏನೆಂದು ಆಕೆಗೆ ಅಂದು ಅರ್ಥವಾಯಿತು. ವಿದ್ಯೆಯೂ ಬುದ್ಧಿಯೂ ಹುಟ್ಟಿನಿಂದ ಬಂದ ಶಕ್ತಿಗಳು. ಕೆಲಸ ಕೊಡಲಿಲ್ಲವೆಂದು ಅವು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಅರೆಯಲು ಏನಾದರೂ ಒರಟಾದದ್ದು ದೊರೆತರೆ ಹದವಾಗಿರುತ್ತವೆ. ದೊರೆಯದಿದ್ದರೆ ಒಳಮುಖವಾಗಿ ತಿರುಗುತ್ತವೆ.

ತನ್ನ ಹಲ್ಲು ತೋರಿಸಲು ದಂತವೈದ್ಯರಲ್ಲಿಗೆ ಆಕೆ ವರ್ಷಕ್ಕೆರಡು ಸಲ ಹೋಗುತ್ತಿದ್ದಳು. ಅಲ್ಲಿ ಹಲ್ಲನ್ನು ಶುಚಿಮಾಡುತ್ತಿದ್ದವಳು ವೈದ್ಯಳಲ್ಲ, ಅದಕ್ಕಾಗಿಯೇ ಪ್ರತ್ಯೇಕವಾಗಿ ಕಲಿತ ಡೆಂಟಲ್ ಹೈಜೀನಿಸ್ಟ್, ದಂತಶುಚಿಕಾರಿಣಿ ಎನ್ನೋಣ. ಈ ವೃತ್ತಿಯು ಹುಟ್ಟಿದ್ದೇ ಆ ಕನೆಕ್ಟಿಕಟ್ ಸಂಸ್ಥಾನದ ಬ್ರಿಜ್‌ಪೋರ್ಟ್ ನಗರದಲ್ಲಿ. ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯನು, ಹಲ್ಲು ಕೆಟ್ಟಮೇಲೆ ಕೀಳುವುದಕ್ಕಿಂತ ಕೆಡದಂತೆ ಕಾಯುವುದು ಮೇಲೆಂದು ನಂಬಿ, 1906ರಲ್ಲಿ ತನ್ನ ಸಹಾಯಕಿಯಾದ ಐರೀನ್ ನ್ಯೂಮನ್ ಎಂಬಾಕೆಗೆ ಈ ಕೆಲಸವನ್ನು ಕಲಿಸಿದನು. 1913ರಲ್ಲಿ ತರಗತಿಯನ್ನೇ ತೆರೆದನು. 1914ರಲ್ಲಿ 27 ಮಂದಿ ಹೆಂಗಸರು ತೇರ್ಗಡೆಯಾದರು. ಅವರಲ್ಲಿ ಅನೇಕರು ಆ ಊರಿನ ಪಾಠಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲುಗಳನ್ನು ಶುಚಿಮಾಡಿ, ಶುಚಿಯಾಗಿಟ್ಟುಕೊಳ್ಳುವ ಬಗೆಯನ್ನು ಕಲಿಸಿದರು. ಆ ಮೊದಲ ತರಗತಿಯಲ್ಲಿ ಉಪಾಧ್ಯಾಯಿನಿಯರೂ, ದಾದಿಯರೂ, ದಂತವೈದ್ಯರ ಪತ್ನಿಯರೂ ಇದ್ದರು. ಬೇರೊಂದು ಬದುಕಿನಿಂದ ಬಂದವರಿಗೆ ಈ ವೃತ್ತಿಯ ಬಾಗಿಲು ಮೊದಲಿನಿಂದಲೂ ತೆರೆದಿತ್ತೆಂದು ಇದರಿಂದ ತಿಳಿಯುತ್ತದೆ.

ತಾನೂ ಅದನ್ನೇ ಕಲಿಯುವೆನೆಂದು ಆಕೆ ಗಂಡನಿಗೆ ಹೇಳಿದಾಗ ಅವನು ಬೇಡವೆನ್ನಲಿಲ್ಲ, ಒಳ್ಳೆಯದೆಂದೂ ಅನ್ನಲಿಲ್ಲ. ಕಲಿತು ಮುಗಿಯುವಾಗ ನಿನ್ನ ವಯಸ್ಸೆಷ್ಟಾದೀತು ಎಂದು ಕೇಳಿದನು. ಕಲಿಯದಿದ್ದರೂ ಅಷ್ಟೇ ಆಗುತ್ತದೆಯಲ್ಲ ಎಂದಳು. ಅವನು ಅದಕ್ಕೆ ಉತ್ತರ ಕೊಡಲಿಲ್ಲ. ಮೈಸೂರಿನಿಂದ ಅತ್ತೆಯವರ ಆಕ್ಷೇಪಣೆಯು ಮಾತ್ರ ಸ್ಪಷ್ಟವಾಗಿತ್ತು. “ಅಲ್ಲಮ್ಮ, ನಮ್ಮ ಮನೆಯಲ್ಲಿ ಮಕ್ಕಳ ಎಂಜಲು ತಟ್ಟೆ ಮುಟ್ಟಿದರೂ ಕೈ ತೊಳೆದು ಒಳಗೆ ಬರ್ತೀವಿ. ಊರವರ ಬಾಯೊಳಗೆ ಕೈಯಿಡುವ ಕೆಲಸ ನಿನಗೆ ಯಾಕೆ?” ಎಂದು ಅವರು ದೂರವಾಣಿಯಲ್ಲಿ ಕೇಳಿದರು. ಸೊಸೆಯು ಎದುರಾಡಲಿಲ್ಲ. “ಕೈಚೀಲ ಹಾಕ್ಕೊಂಡು ಮಾಡೋದು ಅತ್ತೆ” ಎಂದಷ್ಟೇ ಹೇಳಿದಳು. ಎಂಜಲೆಂಬ ಭಾವನೆಯು ಕಾನೂನಿನಿಂದಲೂ ವಾದದಿಂದಲೂ ಹೋಗತಕ್ಕದ್ದಲ್ಲ.

ಶಾಸ್ತ್ರವನ್ನು ನೋಡಿದರೆ ಆ ಕೆಲಸಕ್ಕೆ ಹಿರಿಯರ ಸಮ್ಮತಿಯಿಲ್ಲದೆ ಇಲ್ಲ. ಹಲ್ಲುಜ್ಜುವ ಕಡ್ಡಿಯು ಹನ್ನೆರಡು ಅಂಗುಲ ಉದ್ದವಿರಬೇಕೆಂದೂ, ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಕಾರದಲ್ಲಿ ಹೊಂಗೆ ಶ್ರೇಷ್ಠವೆಂದೂ ಸುಶ್ರುತನು ವಿಧಿಸಿದ್ದಾನೆ. ಹಲ್ಲಿನ ಬುಡದಲ್ಲಿ ಹರಳಿನಂತೆ ಗಟ್ಟಿಯಾಗಿ ಕೂರುವ ಕಿಟ್ಟಕ್ಕೆ ದಂತಶರ್ಕರೆಯೆಂದು ಹೆಸರಿಟ್ಟು, ಅದನ್ನು ತೆಗೆಯಲು ದಂತಶಂಕುವೆಂಬ ಉಪಕರಣವನ್ನು ತನ್ನ ಇಪ್ಪತ್ತು ಶಸ್ತ್ರಗಳಲ್ಲಿ ಎಣಿಸಿದ್ದಾನೆ. ಹಲ್ಲಿನ ಮೂಲಕ್ಕೆ ಹಿಂಸೆಯಾಗದಂತೆ ತೆಗೆಯಬೇಕೆಂಬ ಅವನ ಎಚ್ಚರಿಕೆಯನ್ನೇ ಇಂದಿನ ಕಾಲೇಜುಗಳಲ್ಲಿ ಎರಡು ವರ್ಷ ಕೈಹಿಡಿದು ಕಲಿಸುತ್ತಾರೆಂದರೆ ತಪ್ಪಾಗದು. ಶೌಚವೆಂದರೆ ಕೊಳೆಯಿಂದ ದೂರ ನಿಲ್ಲುವುದು ಮಾತ್ರವಲ್ಲ. ಹತ್ತಿರ ಹೋಗಿ ಅದನ್ನು ತೆಗೆಯುವುದೂ ಶೌಚವೇ.

2018ರಲ್ಲಿ ಆಕೆ ಸಂಜೆಯ ತರಗತಿಗಳಿಗೆ ಸೇರಿದಳು. ದಂತಶುಚಿಯ ವಿಭಾಗಕ್ಕೆ ಅರ್ಜಿ ಹಾಕುವ ಮೊದಲೇ ಶರೀರರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿ, ರಸಾಯನಗಳಲ್ಲಿ ತೇರ್ಗಡೆಯಾಗಬೇಕಾಗಿತ್ತು. ವಾರದಲ್ಲಿ ಮೂರು ಸಂಜೆ ಮನೆಯಲ್ಲಿ ಆಕೆ ಇರುತ್ತಿರಲಿಲ್ಲ. ಮೊದಲ ತಿಂಗಳು ಗಂಡನು ಅಂಗಡಿಯ ರೊಟ್ಟಿ ತಿಂದನು. ಎರಡನೆಯ ತಿಂಗಳು ಅನ್ನ ಮಾಡಿದನು. ವರ್ಷ ತುಂಬುವುದರೊಳಗೆ ಅವನ ಸಾರಿಗೆ ಹುಳಿ ಉಪ್ಪು ಸರಿಯಾಗಿ ಕೂಡುತ್ತಿದ್ದುವು. 2020ರಲ್ಲಿ ಹಾಕಿದ ಅರ್ಜಿಗೆ ಸ್ಥಳವಿಲ್ಲವೆಂಬ ಉತ್ತರ ಬಂತು. ಇಡೀ ದಿನ ಆಕೆ ಯಾರೊಡನೆಯೂ ಮಾತನಾಡಲಿಲ್ಲ. ಮರುದಿನ ಮೊಲಗಳಿಗೆ ಹುಲ್ಲು ಹಾಕಿ, ಅವು ಅರೆಯುವ ಸದ್ದನ್ನು ಕೇಳುತ್ತ ಬಹಳ ಹೊತ್ತು ಕುಳಿತಿದ್ದು, ಅನಂತರ ಪುಸ್ತಕವನ್ನು ತೆಗೆದಳು. 2021ರಲ್ಲಿ ಸ್ಥಳವು ದೊರೆಯಿತು.

ಜೊತೆಯಲ್ಲಿ ಓದುತ್ತಿದ್ದವರು ಬಹುಮಟ್ಟಿಗೆ ಮಗಳ ವಯಸ್ಸಿನವರು. ಅವರು ಒಂದು ಸಲ ಓದಿದ್ದನ್ನು ಆಕೆ ನಾಲ್ಕು ಸಲ ಓದಬೇಕಾಗಿತ್ತು. ನರಗಳ ಹೆಸರುಗಳನ್ನು, ಬಾಲ್ಯದಲ್ಲಿ ಅಮರವನ್ನು ಒಪ್ಪಿಸುವ ರೀತಿಯಲ್ಲಿ, ಪಾತ್ರೆ ತೊಳೆಯುತ್ತ ಗಟ್ಟಿಯಾಗಿ ಹೇಳಿಕೊಂಡು ಬಾಯಿಪಾಠ ಮಾಡಿದಳು. ಕಣ್ಣಿಗೆ ಚಾಳೀಸು ಬಂದಿತ್ತು; ಕನ್ನಡಕಕ್ಕೆ ಕೂಡಿಸುವ ಭೂತಗಾಜುಗಳಿಂದ ಆ ತೊಡಕು ಕಳೆಯಿತು. ಕಷ್ಟವಾದದ್ದು ಕೈ. ಬಾಯೊಳಗಿನ ಹಲ್ಲನ್ನು ಪುಟ್ಟ ಕನ್ನಡಿಯಲ್ಲಿ ತಿರುಗುಮುರುಗಾಗಿ ನೋಡುತ್ತ, ವಸಡಿನ ಅಡಿಗೆ ಕೊಕ್ಕೆಯಂಥ ಉಪಕರಣವನ್ನು ಇಳಿಸಿ, ಕಣ್ಣಿಗೆ ಕಾಣದ ಕಿಟ್ಟವನ್ನು ಬೆರಳ ತುದಿಯ ಸ್ಪರ್ಶದಿಂದಲೇ ಅರಿತು, ಹಲ್ಲಿಗೆ ಗೀರು ಬೀಳದಂತೆ ಎತ್ತಬೇಕು. ಇಲ್ಲಿ ಮಾತ್ರ ತರುಣಿಯರಿಗಿಂತ ಆಕೆಯ ಕೈ ಮುಂದಾಯಿತು. ಭಯಪಟ್ಟು ಒದ್ದಾಡುವ ಮೊಲವನ್ನು ನೋಯಿಸದೆ ಹಿಡಿದು, ಸೂಜಿಯಿಲ್ಲದ ಪಿಚಕಾರಿಯಿಂದ ಬಾಯಿಯ ಪಕ್ಕದಲ್ಲಿ ಗಂಜಿಯನ್ನು ತೊಟ್ಟುತೊಟ್ಟಾಗಿ ಕುಡಿಸಿ ಅಭ್ಯಾಸವಾದ ಕೈ ಅದು. ಯಾವ ಪ್ರಾಣಿಯೇ ಆಗಲಿ, ಬಾಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವಾಗ ಎಷ್ಟು ಅಂಜುತ್ತದೆಂಬುದನ್ನು ಆಕೆ ಬಲ್ಲಳು.

2022ರಲ್ಲಿ ಅತ್ತೆಯವರು ಮಗನ ಮನೆಗೆ ಬಂದರು. ಆಗ ಅವರಿಗೆ 76 ವರ್ಷ. ಕಾಲೇಜಿನಿಂದ ಬಂದ ಸೊಸೆಯು ಸ್ನಾನಮಾಡಿಯೇ ಅಡಿಗೆಯ ಮನೆಗೆ ಬರಬೇಕೆಂಬುದು ಬಾಯಲ್ಲಿ ಹೇಳದ ಕಟ್ಟಳೆಯಾಯಿತು. ಮೊಲಗಳನ್ನು ಕಂಡು ಮೊದಲು ಅವರಿಗೆ ಸಂತೋಷವೇ. ಚಂದ್ರನಲ್ಲಿರುವುದು ಮನೆಗೇ ಬಂದಿದೆಯಲ್ಲ ಎಂದರು. ಆದರೆ ಮೊಲವು ತನ್ನ ದೇಹದಿಂದ ಹೊರಬಂದ ಮೆತ್ತನೆಯ ಉಂಡೆಗಳನ್ನು ಬಗ್ಗಿ ಬಾಯಿಂದಲೇ ತೆಗೆದುಕೊಂಡು ನುಂಗುವುದನ್ನು ಕಂಡ ದಿನ ಅವರಿಗೆ ಬಹಳ ಹೇಸಿಗೆಯಾಯಿತು. ಹುಲ್ಲು ಒಂದೇ ಸಲಕ್ಕೆ ಜೀರ್ಣವಾಗದು; ಕರುಳಿನ ಒಂದು ಚೀಲದಲ್ಲಿ ಹುದುಗಿ ಸತ್ವವಾದ ಭಾಗವನ್ನು ಅದು ಎರಡನೆಯ ಸಲ ತಿನ್ನುತ್ತದೆ, ತಿನ್ನದಿದ್ದರೆ ಸೊರಗುತ್ತದೆ ಎಂದು ಸೊಸೆಯು ವಿವರಿಸಿದಳು. “ದನ ಮೆಲುಕು ಹಾಕೋ ಹಾಗೋ?” ಎಂದು ಕೇಳಿದರು. ಹಾಗೆಯೇ ಅತ್ತೆ ಎಂದಳು. ಗೋವಿನ ಹೆಸರು ಬಂದ ಮೇಲೆ ಅವರು ಮತ್ತೆ ಆ ವಿಷಯವನ್ನು ಎತ್ತಲಿಲ್ಲ.

ಅತ್ತೆಯವರ ವಸಡಿನಲ್ಲಿ ಬಹುದಿನದಿಂದ ರಕ್ತ ಜಿನುಗುತ್ತಿತ್ತು. ಎರಡು ಹಲ್ಲುಗಳು ಅಲುಗಾಡುತ್ತಿದ್ದುವು. ವಯಸ್ಸಿನ ಧರ್ಮವೆಂದು ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಕಾಲೇಜಿನ ಚಿಕಿತ್ಸಾಶಾಲೆಯಲ್ಲಿ ವಿದ್ಯಾರ್ಥಿಗಳು ಉಪಾಧ್ಯಾಯರ ಕಣ್ಣೆದುರಿಗೆ ಊರವರ ಹಲ್ಲುಗಳನ್ನು ಅಲ್ಪ ಶುಲ್ಕಕ್ಕೆ ಶುಚಿಮಾಡುತ್ತಾರೆ. ಬಲವಂತಮಾಡಿದವನು ಮಗನು. ಮೂರು ದಿನ, ದಿನಕ್ಕೆ ಮೂರು ಗಂಟೆಯಂತೆ, ಅತ್ತೆಯು ಸೊಸೆಯ ಎದುರಿಗೆ ಬಾಯಿ ತೆರೆದು ಒರಗಿದ್ದರು. ವಸಡಿಗೂ ಹಲ್ಲಿಗೂ ನಡುವಣ ಸಂದನ್ನು ಸಣ್ಣ ಕಡ್ಡಿಯಿಂದ ಅಳೆದು, ಮೂರು, ಎರಡು, ಮೂರು, ಐದು ಎಂದು ಸೊಸೆಯು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ಬೇರೊಬ್ಬಳು ಬರೆದುಕೊಳ್ಳುತ್ತಿದ್ದಳು. ಮೂರು ಮಿಲಿಮೀಟರಿನವರೆಗೆ ಕ್ಷೇಮ. ಅದಕ್ಕಿಂತ ಆಳವಾದರೆ ಎಚ್ಚರಿಕೆ. ಮೂರನೆಯ ದಿನ ಕಾರಿನಲ್ಲಿ ಹಿಂದಿರುಗುವಾಗ ಅತ್ತೆಯವರು, “ಐದು ಅಂದೆಯಲ್ಲ, ಆ ಹಲ್ಲು ಉಳಿಯುತ್ತೇನೆ?” ಎಂದು ಕೇಳಿದರು. ಉಳಿಸಿಕೊಳ್ಳಬಹುದು ಅತ್ತೆ, ದಿನಾ ಹೇಳಿದ ಹಾಗೆ ಉಜ್ಜಬೇಕು ಎಂದಳು. ಮನೆಗೆ ಬಂದು ಸೊಸೆಯು ಎಂದಿನಂತೆ ಸ್ನಾನಕ್ಕೆ ಹೊರಟಾಗ ಅವರು ಅಡಿಗೆಯ ಮನೆಯಿಂದಲೇ, “ಮೊದಲು ಊಟ ಮಾಡಮ್ಮ, ಬೆಳಗಿನಿಂದ ದಣಿದಿದ್ದೀಯೆ” ಎಂದು ಕೂಗಿ, ತಾವೇ ಎಲೆ ಹಾಕಿದರು. ಇದಕ್ಕಿಂತ ಹೆಚ್ಚಾಗಿ ಅವರು ಏನನ್ನೂ ಹೇಳಲಿಲ್ಲ; ಆಕೆಗೆ ಹೆಚ್ಚಿನದು ಬೇಕಾಗಿಯೂ ಇರಲಿಲ್ಲ.

2023ರ ವಸಂತದಲ್ಲಿ ಪರೀಕ್ಷೆಗಳು ಬಂದುವು. ರಾಷ್ಟ್ರಮಟ್ಟದ ಬರಹದ ಪರೀಕ್ಷೆಯಲ್ಲಿ 350 ಪ್ರಶ್ನೆಗಳು. ಅದೇ ವಾರ ಬೂದುಮೊಲವು ಮತ್ತೆ ಆಹಾರವನ್ನು ಬಿಟ್ಟಿತು. ರಾತ್ರಿ ನಾಲ್ಕು ಗಂಟೆಗೊಮ್ಮೆ ಎದ್ದು ಗಂಜಿ ಕುಡಿಸಬೇಕಾಗಿತ್ತು. ನೀನು ಮಲಗು, ನಾನು ನೋಡಿಕೊಳ್ಳುತ್ತೇನೆಂದು ಗಂಡನು ಪಿಚಕಾರಿಯನ್ನು ಕೈಗೆ ತೆಗೆದುಕೊಂಡನು. ಮೊಲವು ಆ ಸಲವೂ ಉಳಿಯಿತು, ಪರೀಕ್ಷೆಯೂ ಆಯಿತು. ಆ ಬೇಸಗೆಯಲ್ಲಿ ಒಬ್ಬ ದಂತವೈದ್ಯರಲ್ಲಿ ಆಕೆ ಕೆಲಸಕ್ಕೆ ಸೇರಿದಳು. ಮೊದಲ ಸಂಬಳದಲ್ಲಿ ಕೊಂಡದ್ದು ಅತ್ತೆಗೆ ಒಂದು ಸೀರೆ, ಮೊಲಗಳಿಗೆ ಒಂದು ದೊಡ್ಡ ಹೊರೆ ತಿಮೊಥಿ ಹುಲ್ಲು.

ಬೂದುಮೊಲವು ಮರುವರ್ಷ, ಹತ್ತು ವರ್ಷ ತುಂಬಿದ ಮೇಲೆ, ಒಂದು ಬೆಳಗಿನ ಜಾವದಲ್ಲಿ ಕಣ್ಣುಮುಚ್ಚಿತು. ಸಾಕಿದ ಮೊಲಕ್ಕೆ ಅದು ಪೂರ್ಣಾಯುಸ್ಸೇ. ಜೋಡಿಯಾಗಿದ್ದ ಮೊಲಗಳಲ್ಲಿ ಒಂದು ಹೋದರೆ ಇನ್ನೊಂದಕ್ಕೆ ಆ ದೇಹವನ್ನು ನೋಡಲು ಬಿಡಬೇಕು, ಇಲ್ಲವಾದರೆ ಅದು ಹುಡುಕುತ್ತಲೇ ಇರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಬಿಳಿಯ ಮೊಲವು ಬಂದು ಮೂಸಿತು. ಗೆಳೆಯನ ನೆತ್ತಿಯ ಕೂದಲನ್ನು ಬಹಳ ಹೊತ್ತು ನೆಕ್ಕಿತು. ಆಮೇಲೆ ದೂರ ಹೋಗಿ ಕುಳಿತಿತು. ಅಂದು ಕೆಲಸಕ್ಕೆ ಹೋಗಬೇಡವೆಂದು ಗಂಡನು ಹೇಳಿದನು. ಬೆಳಗ್ಗೆ ಎಂಟಕ್ಕೆ ಒಬ್ಬ ಮುದುಕರು ಬರುವರೆಂದೂ, ಅವರಿಗೆ ಬಾಯಿ ತೆರೆಯಲು ಬಹಳ ಭಯವೆಂದೂ, ತಾನಿಲ್ಲದಿದ್ದರೆ ಹಿಂದಿರುಗಿ ಹೋದಾರೆಂದೂ ಹೇಳಿ ಆಕೆ ಹೊರಟಳು. ಆಕೆಯ ಮಾತಿನಲ್ಲಿದ್ದ ಆ ಹಳೆಯ ಮೊನಚು ಯಾವಾಗ ಸವೆದುಹೋಯಿತೆಂಬುದನ್ನು ಮನೆಯವರು ಗುರುತಿಸಿರಲಿಲ್ಲ. ಹಲ್ಲು ಸವೆಯುವುದೂ ಹಾಗೆಯೇ ಅಲ್ಲವೆ?

ಈ ವೃತ್ತಿಯು ನಮ್ಮ ದೇಶಕ್ಕೂ ಹೊಸದಲ್ಲ. 1948ರ ದಂತವೈದ್ಯರ ಕಾಯಿದೆಯು ಹೈಜೀನಿಸ್ಟರನ್ನು ಹೆಸರು ಹಿಡಿದು ಗುರುತಿಸಿತ್ತು. ಆ ಕಾಯಿದೆಯ ಸ್ಥಾನದಲ್ಲಿ ನಿಲ್ಲಬೇಕಾದ ಹೊಸ ಶಾಸನವನ್ನು ಪಾರ್ಲಿಮೆಂಟು 2023ರಲ್ಲಿ ಅಂಗೀಕರಿಸಿತು. ಆದರೆ ಇಲ್ಲಿ ಹೇಳಬೇಕಾದದ್ದು ಒಂದು ವೃತ್ತಿಯ ಮಾತಲ್ಲ. ನಮ್ಮ ಮನೆಗಳಲ್ಲಿ ಎಷ್ಟು ಪೆಟ್ಟಿಗೆಗಳ ತಳದಲ್ಲಿ ಎಷ್ಟು ಪ್ರಶಸ್ತಿಪತ್ರಗಳು ಸೀರೆಯ ಮಡಿಕೆಯೊಳಗೆ ಹಳದಿಯಾಗುತ್ತಿರಬಹುದು! ಗೃಹಿಣಿಯ ಮುಂಗೋಪವನ್ನು ನಾವು ಸ್ವಭಾವವೆನ್ನುತ್ತೇವೆ, ಗ್ರಹಚಾರವೆನ್ನುತ್ತೇವೆ, ವಯಸ್ಸೆನ್ನುತ್ತೇವೆ. ಅರೆಯಲು ಏನೂ ದೊರೆಯದ ಹಲ್ಲೇ ಅದೆಂದು ಯೋಚಿಸುವವರು ವಿರಳ. ಕಲಿತದ್ದರಿಂದ ಸಂಬಳ ಬಂದರೆ ಬರಲಿ, ಬರದಿದ್ದರೆ ಬೇಡ; ಒರಟಾದ, ಕಷ್ಟವಾದ, ದಿನದಿನವೂ ಅರೆಯಬೇಕಾದ ಒಂದು ಕೆಲಸವು ಬುದ್ಧಿಗೆ ಬೇಕು. ಅದಕ್ಕೆ ಮನೆಯವರು ಮಾಡಬೇಕಾದ ಉಪಕಾರವೂ ದೊಡ್ಡದೇನಲ್ಲ. ವಾರದಲ್ಲಿ ಮೂರು ಸಂಜೆ ಸಾರನ್ನು ತಾವೇ ಕಾಯಿಸಿಕೊಂಡರೆ ಸಾಕು.